ಫಳಿ ಎಷ್ಟು ಓರೆ ಇರಬೇಕು? ಘರ್ಷಣೆಯನ್ನು ಮನೆಯಲ್ಲೇ ಅಳೆಯುವ ವಿಧಾನ

ಟ್ರ್ಯಾಕ್ಟರ್ ಟ್ರೇಲರ್‌ಗೆ ಚೀಲ ಏರಿಸಲು ಫಳಿ (ಮರದ ಹಲಗೆ) ಎಷ್ಟು ಉದ್ದ ಇರಬೇಕು? ಮನೆ ಮುಂದೆ ಬೈಕ್ ಹತ್ತಿಸುವ ಇಳಿಜಾರನ್ನು ಎಲ್ಲಿಯವರೆಗೆ ಚಾಚಬೇಕು? ಬಾಗಲಕೋಟೆ, ಜಮಖಂಡಿ, ತಾಳಿಕೋಟೆ, ಗೋಕಾಕ ಕಡೆಯ ಓದುಗರು ಈ ಎರಡನ್ನು ಮತ್ತೆ ಮತ್ತೆ ಕೇಳುತ್ತಾರೆ. ಪಿಯುಸಿ ಮಕ್ಕಳದ್ದು ಇನ್ನೊಂದು ಪ್ರಶ್ನೆ: "ಸರ್, ಇಳಿಜಾರಿನ ಲೆಕ್ಕದಲ್ಲಿ ಸೈನ್ ಎಲ್ಲಿ, ಕಾಸ್ ಎಲ್ಲಿ, ಗೊತ್ತೇ ಆಗಲ್ಲ."

ಮೂರಕ್ಕೂ ಒಂದೇ ಸಂಖ್ಯೆ ಬೇಕು: ಎರಡು ಮೈಗಳು ಜಾರದಂತೆ ಎಷ್ಟು ತಡೆಯುತ್ತವೆ ಅಂತ ಹೇಳುವ ಘರ್ಷಣಾಂಕ. ಅದನ್ನು ಪುಸ್ತಕದ ಕೋಷ್ಟಕದಿಂದ ಎತ್ತಿಕೊಂಡರೆ ಪರೀಕ್ಷೆಗೆ ಸರಿ, ಕೆಲಸಕ್ಕೆ ಅಲ್ಲ. ಒಣ ಮರದ ಮೇಲೆ ಮರ ಜಾರುವುದಕ್ಕೆ ಕೋಷ್ಟಕಗಳು 0.25ರಿಂದ 0.5 ಅನ್ನುತ್ತವೆ. ಈ ಎರಡರ ನಡುವೆ ದುಪ್ಪಟ್ಟು ಅಂತರ ಇದೆ ನೋಡಿ. ನಿಮ್ಮ ಫಳಿ, ನಿಮ್ಮ ಚೀಲ ಇಟ್ಟುಕೊಂಡು ನೀವೇ ಅಳೆಯಿರಿ. ಅರ್ಧ ಗಂಟೆಯ ಕೆಲಸ. ಸೈನ್, ಕಾಸ್ ಯಾವುದೂ ಬೇಡ. ಟೇಪು ಮತ್ತು ಭಾಗಾಕಾರ ಸಾಕು.

ಮೊದಲು ಐದು ಶಬ್ದ

ಘರ್ಷಣೆ: ಎರಡು ಮೈಗಳು ಒಂದಕ್ಕೊಂದು ತಾಗಿದಾಗ ಜಾರುವುದನ್ನು ತಡೆಯುವ ಬಲ.

ಸ್ಥಾಯಿ ಘರ್ಷಣೆ: ವಸ್ತು ಇನ್ನೂ ನಿಂತಿರುವಾಗಿನ ತಡೆ. ಜಾರು ಘರ್ಷಣೆ: ಹೊರಟ ಮೇಲಿನ ತಡೆ. ಎರಡನೆಯದು ಸಾಮಾನ್ಯವಾಗಿ ಕಡಿಮೆ. ಜಾತ್ರೆಯಲ್ಲಿ ಎತ್ತುಗಳಿಂದ ಕಲ್ಲು ಜಗ್ಗಿಸುವ ಸ್ಪರ್ಧೆ ನೋಡಿದ್ದೀರಲ್ವಾ? ಕಲ್ಲು ನೆಲ ಬಿಡುವವರೆಗೆ ಎತ್ತುಗಳು ಮೈಯೆಲ್ಲ ಬಿಗಿ ಹಿಡಿದಿರುತ್ತವೆ. ಒಮ್ಮೆ ಕದಲಿತೆಂದರೆ ಓಟ ಸ್ವಲ್ಪ ಹಗುರಾಗುತ್ತದೆ. ಇದಕ್ಕೇ ಎರಡು ಹೆಸರು ಇಟ್ಟಿರುವುದು.

ಲಂಬ ಬಲ: ವಸ್ತುವನ್ನು ಫಳಿ ತನ್ನ ಮೈಗೆ ನೇರವಾಗಿ ಹೊರಕ್ಕೆ ಒತ್ತುವ ಬಲ. ಸಪಾಟು ನೆಲದ ಮೇಲೆ ಇದು ವಸ್ತುವಿನ ಪೂರ್ತಿ ಭಾರಕ್ಕೆ ಸಮ. ಓರೆ ಮಾಡಿದಷ್ಟೂ ಕಡಿಮೆಯಾಗುತ್ತದೆ.

ಘರ್ಷಣಾಂಕ: ಜಾರುವ ಅಂಚಿನಲ್ಲಿ ಇಲ್ಲವೇ ಜಾರುವಾಗ ಇರುವ ಘರ್ಷಣೆಯನ್ನು ಲಂಬ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆ. ಪುಸ್ತಕದಲ್ಲಿ 'ಮ್ಯೂ' ಅಂತ ಗ್ರೀಕ್ ಅಕ್ಷರ ಬರೆದಿರುತ್ತಾರೆ. ನಾವು ಅಳೆಯಲು ಹೊರಟಿರುವುದು ಇದನ್ನೇ.

ಏನೇನು ಬೇಕು

ಸುಮಾರು 4 ಅಡಿ ಉದ್ದದ ಒಂದು ನೇರ ಫಳಿ. ಸೊಟ್ಟಗಾದದ್ದು ಬೇಡ. ಒಂದು ಇಟ್ಟಂಗಿ. ನಿಜವಾಗಿ ಸಾಗಿಸುವ ಚೀಲದ್ದೇ ಒಂದು ತುಂಡು: ಗೋಣಿ ಆದರೆ ಗೋಣಿ, ಸಿಮೆಂಟಿನ ಪ್ಲಾಸ್ಟಿಕ್ ಚೀಲ ಆದರೆ ಅದೇ. ಅಳತೆ ಟೇಪು, ಸೀಮೆಸುಣ್ಣ, ಒಣ ಬಟ್ಟೆ. ಫೋನ್ ಹೇಗೂ ಕೈಯಲ್ಲೇ ಇರುತ್ತದೆ. ಕೊನೆಯ ಹಂತಕ್ಕೆ ಮಾತ್ರ ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ಬೇಕು. ಹಳೆ ಸಾಮಾನಿನವರು ರದ್ದಿ ತೂಗಲು ತರುತ್ತಾರಲ್ಲ, ಅದೇ.

ಹಂತ 1: ಸಜ್ಜು ಮಾಡಿಕೊಳ್ಳಿ

ಚೀಲದ ತುಂಡನ್ನು ಇಟ್ಟಂಗಿಗೆ ಬಿಗಿಯಾಗಿ ಸುತ್ತಿ, ಗಂಟು ಮೇಲೆ ಬರುವಂತೆ ದಾರ ಕಟ್ಟಿ. ಗಂಟು ಕೆಳಗೆ ಸಿಕ್ಕರೆ ನೀವು ಅಳೆಯುವುದು ಗಂಟಿನ ಘರ್ಷಣೆಯನ್ನು, ಗೋಣಿಯದ್ದಲ್ಲ.

ಫಳಿಯ ಒಂದು ತುದಿಯನ್ನು ಗೋಡೆಗೆ ಇಲ್ಲವೇ ಭಾರದ ಕಲ್ಲಿಗೆ ತಾಗಿಸಿ ನೆಲದ ಮೇಲಿಡಿ. ಇನ್ನೊಂದು ತುದಿ ನಿಮ್ಮ ಕೈಯಲ್ಲಿರಲಿ. ತಳದ ತುದಿಗೆ ಆಸರೆ ಇಲ್ಲದಿದ್ದರೆ ಇಟ್ಟಂಗಿಗಿಂತ ಮೊದಲು ಫಳಿಯೇ ಜಾರುತ್ತದೆ. ಪಾಲಿಶ್ ಫರ್ಸಿ ಇರುವ ಮನೆಗಳಲ್ಲಿ ಹೀಗಾಗುವುದೇ ಜಾಸ್ತಿ.

ಫಳಿಯನ್ನು ಒಣ ಬಟ್ಟೆಯಿಂದ ಒರೆಸಿ. ಸುಮ್ನೆ ಶಾಸ್ತ್ರಕ್ಕೆ ಒರೆಸುವುದಲ್ಲ. ಜೋಳದ ಅಂಗಡಿಯಿಂದ ತಂದ ಫಳಿ ಆದರೆ ಬಿರುಕಿನಲ್ಲಿ ನಾಲ್ಕು ಕಾಳು ಇದ್ದೇ ಇರುತ್ತವೆ. ಅವು ಇಟ್ಟಂಗಿಯ ಕೆಳಗೆ ಸಿಕ್ಕರೆ ಉರುಳತೊಡಗುತ್ತವೆ, ಬರುವ ಸಂಖ್ಯೆ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಹೊಟ್ಟಿನ ಪುಡಿಯೂ ಹಾಗೇ. ಬೆಲ್ಲದ ಜಿಗುಟು ಇದ್ದರೆ ಉಲ್ಟಾ: ಇಟ್ಟಂಗಿ ಅಂಟಿ ಕೂರುತ್ತದೆ. ಮಹಾಲಿಂಗಪುರದ ಕಡೆ ಬೆಲ್ಲ ಸಾಗಿಸುವವರ ಫಳಿಯಲ್ಲಿ ಈ ಪ್ರಯೋಗ ಮಾಡುವುದಾದರೆ ಮೊದಲು ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಅಂಟುವುದು ಬೇರೆ, ಘರ್ಷಣೆ ಬೇರೆ. ಕೆಳಗಿನ ಲೆಕ್ಕ ಅಂಟುವ ವಸ್ತುವಿಗೆ ಒಗ್ಗುವುದಿಲ್ಲ.

ಹಂತ 2: ಮೆಲ್ಲಗೆ ಎತ್ತಿ

ಇಟ್ಟಂಗಿಯನ್ನು ಫಳಿಯ ಮೇಲ್ತುದಿಯ ಹತ್ತಿರ, ಅಗಲವಾದ ಮೈ ಕೆಳಗೆ ಬರುವಂತೆ ಮಲಗಿಸಿ. ಉದ್ದ ಇಳಿಜಾರಿನ ದಿಕ್ಕಿಗೇ ಇರಲಿ. ಈಗ ಫಳಿಯ ತುದಿಯನ್ನು ಮೆಲ್ಲಗೆ, ಒಂದೇ ಸಮನೆ ಎತ್ತಿ. ಇಟ್ಟಂಗಿ ಹೊರಟ ಕ್ಷಣ ಕೈ ನಿಲ್ಲಿಸಿ. ಇನ್ನೊಬ್ಬರು ನೆಲದಿಂದ ಫಳಿಯ ತುದಿಯ ಕೆಳ ಅಂಚಿನವರೆಗಿನ ಎತ್ತರವನ್ನು ಅಳೆಯಲಿ.

ಎಲ್ಲರೂ ಕೆಡುವುದು ಇಲ್ಲೇ. ಕೈ ನಡುಗಿದರೆ ಇಟ್ಟಂಗಿ ಬೇಗ ಹೊರಡುತ್ತದೆ. ಜೋರಾಗಿ ಎತ್ತಿದರೆ ಅದು ಹೊರಟ ಮೇಲೂ ಕೈ ಒಂದೆರಡು ಇಂಚು ಮೇಲೆ ಹೋಗಿರುತ್ತದೆ. ಕೈ ನಂಬದಿದ್ದರೆ ತುದಿಯ ಕೆಳಗೆ ಪುಸ್ತಕ ಒಂದೊಂದೇ ಸೇರಿಸುತ್ತಾ ಹೋಗಿ. ನಿಧಾನ, ಆದರೆ ಅಳತೆ ಚೊಕ್ಕ.

ಇಟ್ಟಂಗಿಯನ್ನು ನಿಲ್ಲಿಸಿ ಇಡಬೇಡಿ. 9 ಇಂಚು ಎತ್ತರ ನಿಂತು, ಇಳಿಜಾರಿನ ದಿಕ್ಕಿಗೆ 3 ಇಂಚಿನ ತಳ ಇದ್ದರೆ, ಫಳಿ ಎತ್ತಿದ ಎತ್ತರಕ್ಕೂ ಫಳಿಯ ಕೆಳಗಿನ ನೆಲದ ಉದ್ದಕ್ಕೂ ಇರುವ ಪ್ರಮಾಣ 0.33 ದಾಟುತ್ತಿದ್ದಂತೆ ಇಟ್ಟಂಗಿ ಜಾರುವುದಿಲ್ಲ, ಉರುಳಿ ಬೀಳುತ್ತದೆ. ಎತ್ತರದ ಕಪಾಟು, ಫ್ರಿಜ್ ಇಳಿಸುವವರು ಇದನ್ನು ಗಮನಿಸಬೇಕು. ಅವುಗಳಿಗೆ ಜಾರುವ ಭಯಕ್ಕಿಂತ ಬೀಳುವ ಭಯ ದೊಡ್ಡದು.

ಹಂತ 3: ಭಾಗಿಸಿ

ನಿಮ್ಮ ಫಳಿ 120 ಸೆಂ.ಮೀ. ಇದೆ, 48 ಸೆಂ.ಮೀ. ಎತ್ತಿದಾಗ ಇಟ್ಟಂಗಿ ಹೊರಟಿತು ಅನ್ನಿ. ಎತ್ತಿದ ತುದಿಯಿಂದ ಕೆಳಕ್ಕೆ ನೇರವಾಗಿ ಒಂದು ಕಲ್ಲು ಕಟ್ಟಿದ ದಾರ ಬಿಡಿ. ಅದು ನೆಲ ಮುಟ್ಟುವ ಜಾಗದಿಂದ ಫಳಿಯ ಬುಡದವರೆಗೆ ನೆಲದ ಮೇಲೆ ಅಳೆಯಿರಿ. 110 ಸೆಂ.ಮೀ. ಬರುತ್ತದೆ. ಇದಕ್ಕೆ 'ತಳ' ಅನ್ನೋಣ.

ಘರ್ಷಣಾಂಕ = ಎತ್ತರ ÷ ತಳ = 48 ÷ 110 = 0.44

ಇಷ್ಟೇ. ಪುಸ್ತಕದಲ್ಲಿ 'ಟ್ಯಾನ್ ಥೀಟಾ' ಅಂತ ಇರುವುದು ಇದೇ ಭಾಗಾಕಾರ. ಕೋನ ಬೇಕೇ ಬೇಕು ಅಂದರೆ ಅದು 23.6 ಡಿಗ್ರಿ ಆಗುತ್ತದೆ.

ಯಾಕೆ ಹೀಗೆ? ಇಟ್ಟಂಗಿಯ ಭಾರ ಒಂದೇ, ಆದರೆ ಫಳಿಯ ಮೇಲೆ ಅದು ಎರಡು ಕೆಲಸ ಮಾಡುತ್ತದೆ. ಒಂದು ಪಾಲು ಫಳಿಯ ಗುಂಟ ಕೆಳಕ್ಕೆ ಜಗ್ಗುತ್ತದೆ: ಭಾರ × ಎತ್ತರ ÷ ಉದ್ದ. ಇನ್ನೊಂದು ಪಾಲು ಫಳಿಯನ್ನು ಒತ್ತುತ್ತದೆ: ಭಾರ × ತಳ ÷ ಉದ್ದ. ಜಾರುವ ಅಂಚಿನಲ್ಲಿ ಜಗ್ಗುವ ಪಾಲೂ ಘರ್ಷಣೆಯೂ ಸಮ. ಜಗ್ಗುವುದನ್ನು ಒತ್ತುವುದರಿಂದ ಭಾಗಿಸಿದರೆ ಭಾರವೂ ಉದ್ದವೂ ಹಾರಿಹೋಗುತ್ತವೆ. ಉಳಿಯುವುದು ಎತ್ತರ ÷ ತಳ.

ಕೆಲವರು ತಳದ ಬದಲು ಫಳಿಯ ಉದ್ದದಿಂದಲೇ ಭಾಗಿಸಿಬಿಡುತ್ತಾರೆ. 48 ÷ 120 ಅಂದರೆ 0.40. ನೋಡಲು ಸರಿಯಂತೆಯೇ ಕಾಣುತ್ತದೆ, ಅದಕ್ಕೇ ಈ ತಪ್ಪು ಸಿಕ್ಕಿಬೀಳುವುದಿಲ್ಲ. ಇಳಿಜಾರು ಕಡಿದಾದಷ್ಟೂ ತಪ್ಪು ದೊಡ್ಡದಾಗುತ್ತದೆ.

ಹಂತ 4: ಮತ್ತೆ ಮಾಡಿ, ಬದಲಿಸಿ ಮಾಡಿ

ಒಂದು ಸಲದ ಅಳತೆಗೆ ಬೆಲೆ ಇಲ್ಲ. ಹತ್ತು ಸಲವಾದರೂ ಮಾಡಿ, ಪ್ರತಿ ಸಲ ಇಟ್ಟಂಗಿಯನ್ನು ಬೇರೆ ಬೇರೆ ಜಾಗದಲ್ಲಿ ಇಡಿ. ಎತ್ತರ 46ರಿಂದ 50ರ ನಡುವೆ ಓಲಾಡಿದರೆ ಘರ್ಷಣಾಂಕ 0.42ರಿಂದ 0.46 ಆಗುತ್ತದೆ. ಇಷ್ಟು ಓಲಾಟ ಸಹಜ. ರೆಕಾರ್ಡ್ ಬುಕ್ಕಿನಲ್ಲಿ ಎಲ್ಲ ಸಾಲಿಗೂ ಒಂದೇ ಸಂಖ್ಯೆ ಬರೆದು ತರುವ ಮಕ್ಕಳನ್ನು ಕಂಡರೆ ನನಗೆ ಅನುಮಾನವೇ ಮೊದಲು. ಪ್ರಯೋಗ ಬರೆಯುವವರು ಸರಾಸರಿ ಹಿಡಿಯಿರಿ. ಚೀಲ ಏರಿಸುವವರು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹಿಡಿಯಿರಿ.

ಈಗ ಇಟ್ಟಂಗಿಯ ಮೇಲೆ ಇನ್ನೊಂದು ಇಟ್ಟಂಗಿ ಕಟ್ಟಿ ಮಾಡಿ ನೋಡಿ. ಭಾರ ದುಪ್ಪಟ್ಟು, ಆದರೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಹೊರಡುತ್ತದೆ. ಅಗಲದ ಮೈ ಬಿಟ್ಟು ಕಿರಿದಾದ ಪಕ್ಕದ ಮೈ ಮೇಲೆ ಮಲಗಿಸಿ ನೋಡಿ. ಆಗಲೂ ಅದೇ. ತಾಗುವ ಜಾಗ ಕಡಿಮೆಯಾದರೆ ಘರ್ಷಣೆಯೂ ಕಡಿಮೆಯಾಗಬೇಕಲ್ವಾ ಅಂತ ಅನ್ನಿಸುತ್ತದೆ. ಫ್ರಾನ್ಸಿನ ಗಿಯೋಮ್ ಅಮೊಂತೋಂ 1699ರಲ್ಲಿ ಈ ಎರಡೂ ಮಾತನ್ನು ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಇಟ್ಟ: ಘರ್ಷಣೆ ಭಾರಕ್ಕೆ ತಕ್ಕಂತೆ ಏರುತ್ತದೆ, ತಾಗುವ ಜಾಗದ ಅಗಲಕ್ಕೆ ತಕ್ಕಂತೆ ಅಲ್ಲ. ಅವನಿಗಿಂತ ಸುಮಾರು ಎರಡು ಶತಮಾನ ಮೊದಲೇ ಲಿಯೊನಾರ್ಡೊ ಡಾ ವಿಂಚಿ ಇದನ್ನು ತನ್ನ ಟಿಪ್ಪಣಿಯಲ್ಲಿ ಗೀಚಿಟ್ಟಿದ್ದ. ಆದರೆ ಆಗ ಅದು ಹೊರಗೆ ಬರಲಿಲ್ಲ.

ಕಾರಣ ಗೊತ್ತಾಗಲು 20ನೇ ಶತಮಾನ ಬೇಕಾಯಿತು. ಎಷ್ಟೇ ನುಣುಪಾದ ಮೈ ಆದರೂ ಸೂಕ್ಷ್ಮವಾಗಿ ನೋಡಿದರೆ ಉಬ್ಬು ತಗ್ಗು. ಎರಡು ಮೈ ನಿಜವಾಗಿ ತಾಗುವುದು ಕೆಲವೇ ಉಬ್ಬುಗಳ ತುದಿಯಲ್ಲಿ. ಭಾರ ಹೆಚ್ಚಿದರೆ ಆ ತುದಿಗಳು ಚಪ್ಪಟೆಯಾಗಿ ನಿಜವಾದ ತಾಗು ಜಾಗ ಹೆಚ್ಚುತ್ತದೆ. ಕಣ್ಣಿಗೆ ಕಾಣುವ ಮೈ ಅಗಲವಾಗಿದ್ದರೆ ಅದೇ ಭಾರ ಹಂಚಿಹೋಗುತ್ತದೆ, ಅಷ್ಟೇ. ಬೌಡನ್ ಮತ್ತು ಟೇಬರ್ ಎಂಬಿಬ್ಬರು ಕೇಂಬ್ರಿಜ್‌ನಲ್ಲಿ ಇದನ್ನು ವಿವರವಾಗಿ ತೋರಿಸಿದರು.

ರಬ್ಬರ್ ಈ ನಿಯಮಕ್ಕೆ ಪೂರ್ತಿ ತಲೆಬಾಗುವುದಿಲ್ಲ. ಟೈರಿನ ಮಾತು ಬಂದಾಗ ಅದನ್ನು ನೆನಪಿಡಿ.

ಹಂತ 5: ಜಾರುವಾಗಿನ ಸಂಖ್ಯೆ

ಈಗ ಫಳಿಯನ್ನು ಹೊರಡುವ ಎತ್ತರಕ್ಕಿಂತ ಸ್ವಲ್ಪ ಕೆಳಗಿಡಿ. ಇಟ್ಟಂಗಿಯನ್ನು ಬೆರಳಿನಿಂದ ಮೆಲ್ಲಗೆ ನೂಕಿ ಹೊರಡಿಸಿ. ಹೊರಟು ನಿಂತುಬಿಟ್ಟರೆ ಫಳಿ ಸ್ವಲ್ಪ ಏರಿಸಿ. ವೇಗ ಹೆಚ್ಚುತ್ತಾ ಹೋದರೆ ಇಳಿಸಿ. ಹೆಚ್ಚದೆ ಕುಗ್ಗದೆ ಒಂದೇ ವೇಗದಲ್ಲಿ ಇಳಿಯುವ ಎತ್ತರ ಸಿಕ್ಕಿದರೆ, ಅಲ್ಲಿನ ಎತ್ತರ ÷ ತಳವೇ ಜಾರು ಘರ್ಷಣಾಂಕ. ನಮ್ಮ ಉದಾಹರಣೆಯಲ್ಲಿ ಎತ್ತರ 40, ತಳ 113 ಅನ್ನಿ. 0.35 ಆಯಿತು.

ಒಂದೇ ವೇಗ ಅಂತ ಕಣ್ಣಿನಿಂದ ಹೇಳುವುದು ಕಷ್ಟ. ಇದಕ್ಕೊಂದು ದಾರಿ ಇದೆ. ಫಳಿಯನ್ನು ಇನ್ನಷ್ಟು ಏರಿಸಿ, ಎತ್ತರ 60, ತಳ 104. ಫಳಿಯ ಮೇಲೆ ಸೀಮೆಸುಣ್ಣದಿಂದ 1 ಮೀಟರ್ ದೂರಕ್ಕೆ ಎರಡು ಗೆರೆ ಎಳೆಯಿರಿ. ಇಟ್ಟಂಗಿಯ ಮುಂದಿನ ಅಂಚು ಮೇಲಿನ ಗೆರೆಗೆ ತಾಗಿರಲಿ. ಕೈ ಬಿಟ್ಟು ಫೋನಿನಲ್ಲಿ ವಿಡಿಯೋ ಮಾಡಿ. ನೂಕಬೇಡಿ, ಸುಮ್ನೆ ಬಿಡಿ. ಸೆಕೆಂಡಿಗೆ 30 ಚಿತ್ರ ತೆಗೆಯುವ ಫೋನ್ ಆದರೆ ಒಂದೊಂದೇ ಚಿತ್ರ ಸರಿಸಿ ಎಣಿಸಿ.

ವೇಗ ಹೆಚ್ಚುವ ದರ, ಅಂದರೆ ವೇಗೋತ್ಕರ್ಷ = 9.8 × (ಎತ್ತರ − ಘರ್ಷಣಾಂಕ × ತಳ) ÷ ಉದ್ದ

ನಮ್ಮ ಸಂಖ್ಯೆ ಹಾಕಿದರೆ 9.8 × (60 − 0.35 × 104) ÷ 120. ಸುಮಾರು 1.93 ಬರುತ್ತದೆ. ಈ ದರದಲ್ಲಿ 1 ಮೀಟರ್ ದಾಟಲು 1.02 ಸೆಕೆಂಡು ಬೇಕು. ಅಂದರೆ ನಿಮ್ಮ ವಿಡಿಯೋದಲ್ಲಿ ಸುಮಾರು 31 ಚಿತ್ರ. ಘರ್ಷಣೆಯೇ ಇಲ್ಲದಿದ್ದರೆ 0.64 ಸೆಕೆಂಡು, ಅಂದರೆ 19 ಚಿತ್ರ. ನಿಮಗೆ 31ರ ಬದಲು 34 ಬಂದರೆ ನಿಮ್ಮ ಘರ್ಷಣಾಂಕ 0.35ಕ್ಕಿಂತ ತುಸು ಜಾಸ್ತಿ ಇದೆ ಅಂತ ಅರ್ಥ.

ಇಟ್ಟಂಗಿ ಬಿಟ್ಟು ಗೋಲಿ ಉರುಳಿಸಿ ಈ ಲೆಕ್ಕ ಹಾಕಬೇಡಿ. ಗೆಲಿಲಿಯೊ ಮರದ ಕಾಲುವೆಯಲ್ಲಿ ಕಂಚಿನ ಗುಂಡು ಉರುಳಿಸಿ, ಪಾತ್ರೆಯಿಂದ ಸೋರಿದ ನೀರನ್ನು ತೂಗಿ ಹೊತ್ತು ಅಳೆದ. 1638ರ ಪುಸ್ತಕದಲ್ಲಿ ಅದನ್ನು ಬರೆದಿದ್ದಾನೆ. ಆದರೆ ಉರುಳುವ ಗುಂಡಿಗೆ ತಿರುಗಲೂ ಶಕ್ತಿ ಬೇಕು. ಸಪಾಟು ಮೈ ಮೇಲೆ ಗಟ್ಟಿ ಗುಂಡು ಜಾರದೆ ಉರುಳಿದರೆ, ಘರ್ಷಣೆ ಇಲ್ಲದೆ ಜಾರುವ ವಸ್ತುವಿನ ವೇಗೋತ್ಕರ್ಷದಲ್ಲಿ 7ಕ್ಕೆ 5 ಪಾಲು ಮಾತ್ರ ಸಿಗುತ್ತದೆ.

ಪರೀಕ್ಷೆ ಬರೆಯುವವರಿಗೆ

ಘರ್ಷಣೆ ಯಾವಾಗಲೂ 'ಮ್ಯೂ ಇಂಟು ಎನ್' (ಘರ್ಷಣಾಂಕ × ಲಂಬ ಬಲ) ಅಲ್ಲ. ನಿಂತ ವಸ್ತುವಿಗೆ ಅದು ಗರಿಷ್ಠ ಮಿತಿ ಮಾತ್ರ. 3.5 ಮೀಟರ್ ಫಳಿಯ ಮೇಲೆ, 1 ಮೀಟರ್ ಎತ್ತರಕ್ಕೆ ಓರೆ ಇಟ್ಟು, 50 ಕಿಲೋ ಚೀಲ ಇಟ್ಟಿದ್ದೀರಿ. ತಳ 3.35 ಮೀಟರ್. ಕೆಳಕ್ಕೆ ಜಗ್ಗುವ ಪಾಲು 50 × 1 ÷ 3.5, ಸುಮಾರು 14.3 ಕಿಲೋ ಭಾರದಷ್ಟು. ಘರ್ಷಣೆ ಗರಿಷ್ಠ ಎಷ್ಟು ತಡೆಯಬಲ್ಲದು? 0.44 × 50 × 3.35 ÷ 3.5, ಸುಮಾರು 21. ಹಾಗಾದರೆ ಈಗ ಇರುವ ಘರ್ಷಣೆ 21 ಅಲ್ಲ, 14.3. 21 ಇದ್ದಿದ್ದರೆ ಚೀಲ ತಾನಾಗಿಯೇ ಮೇಲಕ್ಕೆ ಹತ್ತಬೇಕಿತ್ತು! ಉತ್ತರ ನ್ಯೂಟನ್‌ನಲ್ಲಿ ಕೇಳಿದ್ದರೆ 9.8ರಿಂದ ಗುಣಿಸಿ.

ಇನ್ನು ಎರಡು ತಪ್ಪು. ಓರೆ ಫಳಿಯ ಮೇಲೂ ಲಂಬ ಬಲವನ್ನು ಪೂರ್ತಿ ಭಾರ ಅಂತಲೇ ಬರೆಯುವುದು ಒಂದು. ಘರ್ಷಣೆಯ ಬಾಣವನ್ನು ಯಾವಾಗಲೂ ಮೇಲ್ಮುಖವಾಗಿ ಹಾಕುವುದು ಇನ್ನೊಂದು. ಚೀಲವನ್ನು ಮೇಲಕ್ಕೆ ಜಗ್ಗುತ್ತಿದ್ದರೆ ಘರ್ಷಣೆ ಕೆಳಕ್ಕೆ ಜಗ್ಗುತ್ತದೆ.

ಹಂತ 6: ಟ್ರೇಲರ್‌ಗೆ ಫಳಿ ಎಷ್ಟು ಉದ್ದ?

ಈಗ ಅಸಲು ಕೆಲಸ. ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಎಷ್ಟು ಜೋರು ಬೇಕು? ಸುಸ್ತಾಗಿ ಕೈ ಬಿಟ್ಟರೆ ಚೀಲ ನಿಲ್ಲುತ್ತದೆಯೇ? ಹೆಚ್ಚಿನವರು ಮೊದಲನೆಯದನ್ನು ಮಾತ್ರ ಕೇಳುತ್ತಾರೆ. ಕಾಲು ಮುರಿಯುವುದು ಎರಡನೆಯದರಿಂದ.

ಮೇಲಕ್ಕೆ ಜಗ್ಗಲು ಬೇಕಾದ ಬಲ = ಭಾರ × (ಎತ್ತರ + ಘರ್ಷಣಾಂಕ × ತಳ) ÷ ಉದ್ದ

50 ಕಿಲೋ ಚೀಲ, 1 ಮೀಟರ್ ಎತ್ತರ ಅನ್ನಿ. ಫಳಿ 2 ಮೀಟರ್ ಆದರೆ ತಳ 1.73. ಹೊರಡಿಸಲು 44 ಕಿಲೋ ಭಾರದಷ್ಟು ಬಲ ಬೇಕು, ಹೊರಟ ಮೇಲೆ 40. ಫಳಿ 3 ಮೀಟರ್ ಆದರೆ ಹೊರಡಿಸಲು 37, ಆಮೇಲೆ 33. ಫಳಿ ಹಾಕಿದ ಮೇಲೆ ಭಾರ ಮೂರನೇ ಒಂದು ಆಗಿಬಿಡುತ್ತದೆ ಅಂತ ತಿಳಿದವರಿಗೆ ಇಲ್ಲಿ ನಿರಾಸೆ. ಅದು ಘರ್ಷಣೆ ಇಲ್ಲದ ಲೋಕದ ಲೆಕ್ಕ. ಒಟ್ಟು ಕೆಲಸ ನೋಡಿದರೆ ಇನ್ನೂ ತಮಾಷೆ. 3 ಮೀಟರ್ ಫಳಿಯ ಮೇಲೆ ಜಗ್ಗಿದಾಗ ನೀವು ಖರ್ಚು ಮಾಡುವ ಶಕ್ತಿ ನೇರವಾಗಿ ಎತ್ತುವುದರ ಸುಮಾರು ಎರಡರಷ್ಟು. ಒಂದೊಂದು ಹೆಜ್ಜೆಗೆ ಹಾಕುವ ಜೋರು ಕಡಿಮೆ, ಅದನ್ನು ಹಾಕಬೇಕಾದ ದೂರ ಜಾಸ್ತಿ. ಸೊಂಟ ಉಳಿಯುತ್ತದೆ ಅನ್ನುವುದೇ ಲಾಭ.

45 ಡಿಗ್ರಿಗೆ ಫಳಿ ಹಾಕುವುದಂತೂ ದಂಡ. 1 ಮೀಟರ್ ಎತ್ತರಕ್ಕೆ 1.41 ಮೀಟರ್ ಫಳಿ ಹಾಕಿ ಲೆಕ್ಕ ಮಾಡಿ. ಹೊರಡಿಸಲು 51 ಕಿಲೋ ಭಾರದಷ್ಟು ಬಲ ಬೇಕು. ಫಳಿ ಇಲ್ಲದೆ ಸೀದಾ ಎತ್ತಿದರೆ 50 ಸಾಕಿತ್ತು!

ಇನ್ನು ಎರಡನೇ ಪ್ರಶ್ನೆ. ಫಳಿಯ ಎತ್ತರ ÷ ತಳ ನಿಮ್ಮ ಘರ್ಷಣಾಂಕಕ್ಕಿಂತ ಕಡಿಮೆ ಇದ್ದರೆ ಚೀಲ ನಿಲ್ಲುತ್ತದೆ, ಜಾಸ್ತಿ ಇದ್ದರೆ ನಿಮ್ಮ ಮೇಲೇ ವಾಪಸ್ ಬರುತ್ತದೆ. 2 ಮೀಟರ್ ಫಳಿಗೆ ಇದು 0.58. ನಮ್ಮ 0.44ಕ್ಕಿಂತ ಜಾಸ್ತಿ, ಕೈ ಬಿಟ್ಟರೆ ಕೆಟ್ಟಿರಿ. 3 ಮೀಟರ್ ಫಳಿಗೆ 0.353. ನಿಲ್ಲುತ್ತದೆ, ಆದರೆ ಜಾರು ಘರ್ಷಣಾಂಕ 0.35ಕ್ಕೆ ಹತ್ತಿಕೊಂಡೇ ಇದೆ. ಯಾರಾದರೂ ಟ್ರೇಲರ್ ಅಲುಗಾಡಿಸಿ ಚೀಲ ಒಮ್ಮೆ ಕದಲಿತೆಂದರೆ ಆಮೇಲೆ ತಾನಾಗಿ ನಿಲ್ಲುವ ಭರವಸೆ ಇಲ್ಲ. 3.5 ಮೀಟರ್ ಫಳಿಗೆ 0.30. ಇಲ್ಲಿ ಕದಲಿದ ಚೀಲವೂ ಸ್ವಲ್ಪ ಜಾರಿ ನಿಲ್ಲುತ್ತದೆ. ಈ ಗೋಣಿಗೆ, ಈ ಫಳಿಗೆ ನಾನು ಆರಿಸುವುದು 3.5 ಮೀಟರನ್ನೇ. ನಿಮ್ಮ ಸಂಖ್ಯೆ ಬೇರೆ ಬರುತ್ತದೆ. ಆದರೆ ಹೋಲಿಸುವಾಗ ಜಾರು ಘರ್ಷಣಾಂಕಕ್ಕೇ ಹೋಲಿಸಿ, ದೊಡ್ಡ ಸಂಖ್ಯೆಗಲ್ಲ.

ಪ್ಲಾಸ್ಟಿಕ್ ಚೀಲಕ್ಕೆ ಗೋಣಿಯ ಸಂಖ್ಯೆ ಬಳಸಬೇಡಿ. ಬೇರೆಯಾಗಿ ಅಳೆಯಿರಿ. ಫಳಿ ಹಳೆಯದಾಗಿ ಚೀಲ ತಿಕ್ಕಿ ತಿಕ್ಕಿ ನುಣುಪಾಗಿದ್ದರೆ ಮತ್ತೆ ಅಳೆಯಿರಿ.

ಫಳಿಯ ಮೇಲ್ತುದಿಗೆ ಟ್ರೇಲರ್ ಅಂಚು ಹಿಡಿಯುವ ಕೊಕ್ಕೆ ಇರಲಿ, ಟ್ರೇಲರ್ ಗಾಲಿಗೆ ಕಲ್ಲು ಕೊಡಿ. ಚೀಲದ ಕೆಳಗಿನ ಬದಿಯಲ್ಲಿ ಯಾರೂ ನಿಲ್ಲಬಾರದು. ಹಗ್ಗ ಕಟ್ಟಿ ಮೇಲಿನಿಂದ ಜಗ್ಗಿ. ಅನುಭವಿ ಹಮಾಲರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೇಳಬೇಕಾದದ್ದು ರಜೆಗೆ ಊರಿಗೆ ಬಂದು ಕೈ ಹಾಕುವ ಹುಡುಗರಿಗೆ.

ಎಣ್ಣೆ ಡ್ರಮ್ ಆದರೆ ಮೇಲಿನ ಯಾವ ಭರವಸೆಯೂ ಇಲ್ಲ. ಉರುಳುವ ವಸ್ತುವಿಗೆ ತಡೆ ತೀರಾ ಕಡಿಮೆ. ಸಣ್ಣ ಓರೆಯಲ್ಲೂ ಅದು ನಿಲ್ಲುವುದಿಲ್ಲ. ಹಗ್ಗದ ಒಂದು ತುದಿಯನ್ನು ಟ್ರೇಲರ್‌ಗೆ ಕಟ್ಟಿ, ಡ್ರಮ್ಮಿನ ಕೆಳಗಿನಿಂದ ಸುತ್ತಿಸಿ, ಇನ್ನೊಂದು ತುದಿಯನ್ನು ಮೇಲೆ ನಿಂತು ಜಗ್ಗಿ. ಅರ್ಧ ಭಾರವನ್ನು ಕಟ್ಟಿದ ತುದಿಯೇ ಹೊರುತ್ತದೆ. ಎರಡು ಹಗ್ಗ ಬಳಸಿ, ಇಲ್ಲದಿದ್ದರೆ ಡ್ರಮ್ ಅಡ್ಡ ತಿರುಗುತ್ತದೆ. ಹಿಂದೆ ಹಿಂದೆ ಮರದ ಬೆಣೆ ಕೊಡುತ್ತಾ ಬನ್ನಿ.

ಹಂತ 7: ಮನೆ ಮುಂದಿನ ಇಳಿಜಾರು

ನೆಲವನ್ನು ಎತ್ತಿ ಓರೆ ಮಾಡಲಾಗುವುದಿಲ್ಲ. ಅದಕ್ಕೇ ಸ್ಪ್ರಿಂಗ್ ತಕ್ಕಡಿ. ಹಳೆ ಟೈರಿನ ಒಂದು ತುಂಡನ್ನು, ಗೆರೆಗಳಿರುವ ಹೊರಮೈ ಕೆಳಗೆ ಬರುವಂತೆ, ಇಟ್ಟಂಗಿಯ ಕೆಳಗೆ ಕಟ್ಟಿ. ಒಟ್ಟು ತೂಕ ನೋಡಿ. ಆಮೇಲೆ ಅದನ್ನು ಸಪಾಟು ನೆಲದ ಮೇಲಿಟ್ಟು ಕೊಕ್ಕೆ ಹಾಕಿ ಜಗ್ಗಿ. ಕದಲುವ ಕ್ಷಣದ ಸಂಖ್ಯೆಯನ್ನು ತೂಕದಿಂದ ಭಾಗಿಸಿ. ತೂಕ 4 ಕಿಲೋ, ಜಗ್ಗಲು 2.8 ಬೇಕಾಯಿತು ಅನ್ನಿ: 0.7. ಕೊಕ್ಕೆ ನೆಲಕ್ಕೆ ಸಮಾಂತರವಾಗಿರಲಿ. ಸ್ವಲ್ಪ ಮೇಲಕ್ಕೆ ಜಗ್ಗಿದರೂ ನೀವೇ ಭಾರ ಎತ್ತಿದಂತಾಗಿ ಸಂಖ್ಯೆ ಸುಳ್ಳು ಹೇಳುತ್ತದೆ.

ಈಗ ನೀರು ಸುರಿದು ಮಾಡಿ. 1.8ಕ್ಕೇ ಕದಲಿದರೆ 0.45 ಆಯಿತು. ನಿಮ್ಮ ಸಂಖ್ಯೆ ಇದೇ, ಒಣಗಿದ್ದಲ್ಲ. ಮನೆ ಮುಂದೆ ಸಾರಿಸಿ ತೊಳೆಯುವ ಊರು ನಮ್ಮದು. ಇಳಕಲ್ಲಿನ ಕೆಂಪು ಗ್ರಾನೈಟನ್ನು ಕನ್ನಡಿಯಂತೆ ಪಾಲಿಶ್ ಮಾಡಿ ಇಳಿಜಾರಿಗೂ ಹಾಕುವವರು ಸಾಬೂನು ನೀರು ಹಾಕಿ ಒಮ್ಮೆ ಅಳೆದು ನೋಡಲಿ. ಆಮೇಲೆ ನಾನು ಏನೂ ಹೇಳಬೇಕಾಗಿಲ್ಲ.

ಬೈಕ್ ಲೆಕ್ಕಕ್ಕೆ ಇನ್ನೊಂದು ಮಾತು. ಎಂಜಿನ್ ಬಲ ಬರುವುದು ಹಿಂದಿನ ಗಾಲಿಗೆ ಮಾತ್ರ. ಒಟ್ಟು ಭಾರದಲ್ಲಿ ಅದರ ಪಾಲು ಅರ್ಧಕ್ಕಿಂತ ತುಸು ಜಾಸ್ತಿ. ಆದ್ದರಿಂದ ಸಂಖ್ಯೆಯ ಅರ್ಧ ಹಿಡಿಯಿರಿ: 0.22. ಮನೆಯ ಕಟ್ಟೆ ಒಂದೂವರೆ ಅಡಿ ಎತ್ತರ ಇದ್ದರೆ ತಳ ಕನಿಷ್ಠ 7 ಅಡಿ ಬೇಕು. ರಬ್ಬರ್ ನಿಯಮಕ್ಕೆ ಪೂರ್ತಿ ಒಗ್ಗುವುದಿಲ್ಲ, ಟೈರ್ ಸವೆಯುತ್ತದೆ, ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಅದಕ್ಕೆ 9 ಅಡಿ ಇಡಿ. ರಸ್ತೆಗೆ ಚಾಚಲು ಜಾಗ ಇಲ್ಲ ಅಂದರೆ ಇಳಿಜಾರನ್ನು ಗೋಡೆಯ ಗುಂಟ ಪಕ್ಕಕ್ಕೆ ತಿರುಗಿಸಿ. ಜಾಗವಿಲ್ಲ ಅಂತ 4 ಅಡಿಯಲ್ಲಿ ಮುಗಿಸಿದ ಇಳಿಜಾರುಗಳು ಪ್ರತಿ ಓಣಿಯಲ್ಲೂ ಇವೆ, ಬೆಳಿಗ್ಗೆ ತೊಳೆದ ಹೊತ್ತಿನಲ್ಲಿ ಅಲ್ಲಿ ಗಾಲಿ ಸುಮ್ನೆ ತಿರುಗುವ ಸದ್ದು ಕೇಳಿ.

ಮನೆಯಲ್ಲಿ ಗಾಲಿಕುರ್ಚಿ ಬಳಸುವವರು ಇದ್ದರೆ ಬೈಕಿನ ಲೆಕ್ಕ ಮರೆತುಬಿಡಿ. ಅಲ್ಲಿ ಜಾರುವುದಕ್ಕಿಂತ ನೂಕುವ ತೋಳಿನ ಬಲ ಮುಖ್ಯ. ಅದಕ್ಕೆ ಒಪ್ಪಿತ ಅಳತೆ 1ಕ್ಕೆ 12. ಒಂದೂವರೆ ಅಡಿ ಎತ್ತರಕ್ಕೆ 18 ಅಡಿ ತಳ.

ಸಿಮೆಂಟಿನ ಇಳಿಜಾರು ಮಾಡಿಸುವುದಾದರೆ ಗೌಂಡಿಗೆ ಮೊದಲೇ ಹೇಳಿಬಿಡಿ: ನುಣುಪು ಮಾಡಬಾರದು. ಗಾರೆ ಹಸಿ ಇರುವಾಗಲೇ ಕಬ್ಬಿಣದ ಸರಳು ಒತ್ತಿ ಅಡ್ಡ ಗೆರೆ ಹಾಕಿಸಿ. ಉದ್ದ ಗೆರೆ ಬೇಡ, ಅದು ಗಾಲಿಯನ್ನು ಹಿಡಿಯುವುದಿಲ್ಲ. ನೀರು ಹರಿದುಹೋಗಲು ಒಂದು ಬದಿಗೆ ತುಸು ವಾಟ ಕೊಡಿಸಿ. ಗಾರೆ ಪೂರ್ತಿ ಗಟ್ಟಿಯಾದ ಮೇಲೆ ಟೈರಿನ ತುಂಡು, ತಕ್ಕಡಿ, ಒಂದು ಬಕೆಟ್ ನೀರು ತೆಗೆದುಕೊಂಡು ಹೋಗಿ ಮತ್ತೆ ಅಳೆಯಿರಿ. ಅಲ್ಲಿ ನೆಲವೇ ಓರೆ ಇರುವುದರಿಂದ ಇಳಿಜಾರಿಗೆ ಅಡ್ಡಲಾಗಿ ಜಗ್ಗಬೇಡಿ, ಇಳಿಜಾರಿನ ಗುಂಟ ಮೇಲಕ್ಕೆ ಜಗ್ಗಿ. ಬಂದ ಸಂಖ್ಯೆಯನ್ನು ತೂಕದಿಂದ ಭಾಗಿಸಿ, ಅದರಿಂದ ಎತ್ತರ ÷ ತಳವನ್ನು ಕಳೆಯಿರಿ. ಇಷ್ಟು ಸಣ್ಣ ಓರೆಯಲ್ಲಿ ಘರ್ಷಣಾಂಕಕ್ಕೆ ಅದು ಸಾಕಷ್ಟು ಹತ್ತಿರ.